ಹಂಡೆಯ ಬಿಸಿನೀರು

"ಇವತ್ತು ಶುಕ್ರವಾರ ಅಂತ ಸುಮ್ಕಿದೀನಿ. ಶುಕ್ರವಾರ ಮನೆ ಸೊಸೇನ ಕಳಿಸ್ಬಾರ್ದು. ನಾಳೆ ಬೆಳಿಗ್ಗೆ ನಿಮ್ಮಪ್ಪನ ಮನೆಗೆ ಓಗಮ್ಮ!"

ಮುನಿಗಂಗಮ್ಮ ಸೊಸೆಯ ಸೂಟ್‌ಕೇಸನ್ನು ತಂದು ಹೊಸ್ತಿಲ ಬಳಿ ಇಟ್ಟರು.

ಕಾರಣ ನಾಗಲಕ್ಷ್ಮಿಗೆ ಗೊತ್ತಿತ್ತು. ಮದುವೆಯಾಗಿ ನಾಲ್ಕು ವರ್ಷ, ಮಡಿಲು ತುಂಬಲಿಲ್ಲ... ಕೊರತೆ ತನ್ನದಲ್ಲವೆಂದು ಅವಳಿಗೆ ತಿಳಿದದ್ದೇ ಇವತ್ತು ಮಧ್ಯಾಹ್ನ. ಯಶವಂತಪುರದ ವೈದ್ಯೆ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ, ಚಿತ್ರ ಬಿಡಿಸಿ ಹೇಳಿದ್ದರು. ವೀರ್ಯಾಣುಗಳು ಹುಟ್ಟುವುದು ವೃಷಣಗಳಲ್ಲಿ. ಅವುಗಳಿಗೆ ಅಂಟಿಕೊಂಡ ಸುರುಳಿ ನಾಳದಲ್ಲಿ ಬಲಿತು ಈಜುವ ಶಕ್ತಿ ಪಡೆಯುತ್ತವೆ. ವೀರ್ಯದ ದ್ರವ ಬಹುಪಾಲು ಒಳಗಿನ ಬೇರೆ ಗ್ರಂಥಿಗಳಿಂದ ಬಂದು ಕೂಡಿಕೊಳ್ಳುತ್ತದೆ. ಆದ್ದರಿಂದಲೇ ನೋಡಲು ಎಲ್ಲವೂ ಸರಿಯಿತ್ತು, ಆದರೆ ಅನಂತರಾಜುವಿನ ವೀರ್ಯದಲ್ಲಿ ವೀರ್ಯಾಣುಗಳು ತೀರಾ ಕಡಿಮೆಯಿದ್ದವು. "ಮೈಯೊಳಗಿನ ಶಾಖವೇ ಇವಕ್ಕೆ ಜಾಸ್ತಿ. ಅದಕ್ಕೇ ವೃಷಣಗಳು ಹೊರಗಿನ ಚೀಲದಲ್ಲಿರೋದು. ನೀವೇನಾದ್ರೂ ದಿನಾ ಬಿಸಿನೀರಲ್ಲಿ ಕೂರ್ತೀರಾ?" ಎಂದಾಗ ಅವನು ತಲೆ ತಗ್ಗಿಸಿದ್ದ.

ಕೂರುತ್ತಿದ್ದ! ಬಾಗಲಗುಂಟೆಯ ಹೊಲ ಹೋಗಿ ಅಲ್ಲೇ ಮೂರು ಮಹಡಿಯ ಮನೆ ಎದ್ದರೂ ಮುನಿಗಂಗಮ್ಮ ಹಿತ್ತಲಿನ ಹಂಡೆ ಒಲೆ ಬಿಟ್ಟಿರಲಿಲ್ಲ. ಮದುವೆಯಾದ ಹೊಸದರಿಂದಲೂ, ಸೊಂಟಕ್ಕೆ ಬಲ ಬರಲೆಂದು, ದಿನವೂ ಸಂಜೆ ಮಗನನ್ನು ಹಬೆಯಾಡುವ ನೀರಿನ ಟಬ್ಬಿನಲ್ಲಿ ಕೂರಿಸುತ್ತಿದ್ದರು. ತಣ್ಣಗಾಯಿತೆಂದರೆ ಇನ್ನೊಂದು ಚೊಂಬು... ಇದನ್ನು ಹೇಳಿದರೆ ಗಂಡನ ಮಾನ ಹೋಗುತ್ತದೆ, ಅತ್ತೆಯ ಎದೆ ಒಡೆಯುತ್ತದೆ. ಹೇಳದಿದ್ದರೆ ನಾಳೆ ತಾನೆಲ್ಲಿ?

"ನಾನು ಹೋಗ್ತೀನಿ ಅತ್ತೆ... ಆದ್ರೆ ಅವರಿಗೆ ಬಿಸಿನೀರು ಬೇಡ."

"ಓಗೋಳಿಗೆ ನನ್ ಮಗನ ನೀರಿನ ಚಿಂತೆ ಯಾಕೆ? ಬಾರೋ ಅನಂತ, ನೀರು ಕಾದೈತೆ!"

ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದ ಅನಂತರಾಜು ಸೂಟ್‌ಕೇಸನ್ನು ನೋಡಿ ನಿಂತುಬಿಟ್ಟ.

"ಬೇಡಮ್ಮ... ಕೊರತೆ ಇರೋದು ನನ್ನಲ್ಲಿ ಕಣಮ್ಮ, ಅವಳಲ್ಲಲ್ಲ! ಆ ಬಿಸಿಗೆ... ನನ್ನ ವೀರ್ಯಾಣು ಉಳೀತಿಲ್ವಂತೆ."

"ಯಾವೋಳೋ ಅಂಗಂದಿದ್ದು? ನಿಮ್ಮಪ್ಪಾನೂ ಬಿಸಿನೀರೇ ಉಯ್ಕೊಂಡಿದ್ದು!"

"ಹುಯ್ಕೊಂಡ್ರು ಅಮ್ಮ. ಅದರಲ್ಲೇ ಕೂರ್ಲಿಲ್ಲ."

ಮುನಿಗಂಗಮ್ಮ ಗೋಡೆ ಹಿಡಿದು ಮೆಲ್ಲಗೆ ಕುಳಿತರು.

"ಬಿತ್ತನೆ ರಾಗೀನ ಒಂದಿನಾನೂ ಒಲೆ ಪಕ್ಕ ಇಟ್ಟೋಳಲ್ಲ ನಾನು... ನೆಳ್ಳಾಗೆ ಇಡ್ತಿದ್ದೆ. ನನ್ ಮಗೂನ ಮಾತ್ರ ಕೈಯಾರೆ... ಅಯ್ಯೋ! ಇನ್ನು ಆಗೋದೇ ಇಲ್ವಾ ಲಕ್ಷ್ಮಿ?"

"ಹೊಸದು ಹುಟ್ಟಿ ಬಲಿಯೋಕೆ ಸುಮಾರು ಮೂರು ತಿಂಗಳು ಬೇಕಂತೆ ಅತ್ತೆ. ಆಮೇಲೆ ಇನ್ನೊಂದ್ಸಲ ಪರೀಕ್ಷೆ. ಸರಿಹೋಗ್ಬಹುದು ಅಂದ್ರು... ಖಂಡಿತ ಅಂತ ಹೇಳ್ಲಿಲ್ಲ."

ಮುನಿಗಂಗಮ್ಮ ಎದ್ದು ಹೋಗಿ ಒಲೆಗೆ ನೀರು ಸುರಿದರು. ಚುಯ್ ಎಂದು ಹೊಗೆ ಎದ್ದಿತು. ಹಿಂದಿರುಗಿ, ಸೂಟ್‌ಕೇಸನ್ನು ತಾವೇ ಒಳಗೆ ಎಳೆದುಕೊಂಡರು.

"ನಾಳೆ ಶನಿವಾರ... ಶನಿವಾರಾನೂ ಓಗ್ಬಾರ್ದು ಕಣವ್ವ. ಭಾನುವಾರಾನೂ..." ಮುಂದಿನ ಮಾತು ಸೆರಗಿನಲ್ಲಿ ಮುಚ್ಚಿಹೋಯಿತು.

ನಾಗಲಕ್ಷ್ಮಿ ಕಣ್ಣೊರೆಸಿಕೊಂಡು ಹಿತ್ತಲಿಗೆ ನಡೆದಳು. ಒಲೆ ಆರಿತ್ತು. ಆದರೂ ಬೂದಿಯ ಮೇಲೆ ಇನ್ನೊಂದು ಚೊಂಬು ನೀರು ಹಾಕಿದಳು... ಒಳಗೆಲ್ಲಾದರೂ ಕೆಂಡ ಉಳಿದಿದ್ದರೆ?