ಮೊದಲು ನೀರು, ಆಮೇಲೆ ಸ್ವಿಚ್

"ಎಡಕ್ಕೆ! ಎಡಕ್ಕೆ ಅಂದೆ ಕಣ್ರೀ! ಅಯ್ಯೋ, ಅದು ಬಲ!"

ಹಾಗೆ ಕೂಗುತ್ತಿದ್ದ ಹೆಂಗಸಿನ ಬಾಯಿ ಒಂದು ಕಡೆ ಹೇಳುತ್ತಿತ್ತು, ಕೈ ಇನ್ನೊಂದು ಕಡೆ ತೋರಿಸುತ್ತಿತ್ತು. ಪಿಕಪ್ ಗಾಡಿ ಓಡಿಸುತ್ತಿದ್ದ ಗಂಡ ಎರಡನ್ನೂ ನಂಬಿದ. ನಂಬಿ, ಹಿಂದೆ ಕಟ್ಟಿಕೊಂಡಿದ್ದ, ಚಕ್ರಗಳ ಮೇಲೆ ಓಡುವ ಉದ್ದನೆಯ ಟ್ರೈಲರ್ ಮನೆಯನ್ನು ನೇರವಾಗಿ ಕಸದ ಡ್ರಮ್ಮಿಗೆ ಗುದ್ದಿಸಿದ. ಡ್ರಮ್ಮು ಢಣ್ ಎಂದು ಉರುಳಿತು.

ಚಪ್ಪಾಳೆ ಬಿತ್ತು.

ತಟ್ಟಿದವರು ಅಕ್ಕಪಕ್ಕದ ಟ್ರೈಲರಿನವರು. ಯಾರಾದರೂ ಹೊಸಬರು ಬಂದು ತಮ್ಮ ಟ್ರೈಲರನ್ನು ರಿವರ್ಸ್ ಮಾಡಿ ನಿಲ್ಲಿಸುವಾಗ ಮಡಚುವ ಕುರ್ಚಿಗಳನ್ನು ಸಾಲಾಗಿ ಹಾಕಿಕೊಂಡು ನೋಡುವುದು ಆ ಪಾರ್ಕಿನ ರೂಢಿ. ಹೆಸರಿಗೆ ಮಾತ್ರ ಪಾರ್ಕು. ಒಂದು ಮರವಿಲ್ಲ, ಒಂದು ಜಾರುಬಂಡೆಯಿಲ್ಲ. ಪಶ್ಚಿಮ ಟೆಕ್ಸಸ್‌ನ ಬೋಳು ಬಯಲು, ಸಾಲಾಗಿ ಕರೆಂಟ್ ಕಂಬಗಳು, ಕಂಬಕ್ಕೊಂದು ನಲ್ಲಿ, ನಲ್ಲಿಗೊಂದು ಟ್ರೈಲರ್ ಮನೆ. ಹೀಗಿರುವಾಗ ಪಾಪ, ಅವರಿಗೆ ಬೇರೆ ಮನರಂಜನೆ ಏನಿದ್ದೀತು?

ಎಲ್ಲರಿಗಿಂತ ಮುಂದಿನ ಕುರ್ಚಿ ರೆಟ್ಟಾಳದು. ಐದನೇ ಕ್ಲಾಸಿನ ಹುಡುಗಿ, ಕಾಲ ಮೇಲೆ ಕಾಲು, ಮಡಿಲಲ್ಲಿ ಪಾಪ್‌ಕಾರ್ನ್ ಬಟ್ಟಲು.

"ಇಟ್ಟಿಗೆ ಜನ," ಅಂದಳು ಪಕ್ಕದ ಕುರ್ಚಿಯ ಗಸ್ ಅಜ್ಜನಿಗೆ.

ಇಟ್ಟಿಗೆ ಗೋಡೆ ಇರುವ ಮನೆಯಲ್ಲಿ ಬೆಳೆದವರನ್ನೆಲ್ಲ ರೆಟ್ಟಾ ಕರೆಯುತ್ತಿದ್ದುದೇ ಹಾಗೆ. ಅವಳ ಅಪ್ಪ ಪೈಪ್‌ಲೈನಿನಲ್ಲಿ ವೆಲ್ಡರ್. ಪೈಪು ಹೋದಲ್ಲಿಗೆ ಅಪ್ಪ, ಅಪ್ಪ ಹೋದಲ್ಲಿಗೆ ಮನೆ. ಅವಳು ಹುಟ್ಟಿದಾಗಿನಿಂದ ಹೀಗೇ. ಇಟ್ಟಿಗೆ ಜನರೆಂದರೆ ಅವಳಿಗೆ ಬುದ್ಧಿ ಒಂದು ಮುಷ್ಟಿ ಕಡಿಮೆ ಇರುವವರು.

"ಕತ್ತಲಾಗೋದ್ರೊಳಗೆ ನಿಲ್ಲಿಸ್ತಾನೆ ಬಿಡು," ಅಂದ ಗಸ್ ಅಜ್ಜ. "ಯಾವ ಊರಲ್ಲಿ ಅಂತ ಮಾತ್ರ ಹೇಳಕ್ಕಾಗಲ್ಲ."

ಅಂತೂ ಇಂತೂ ಟ್ರೈಲರ್ ನಿಂತಿತು, ಸ್ವಲ್ಪ ಸೊಟ್ಟಗೆ. ದೊಡ್ಡವರು ಕುರ್ಚಿ ಮಡಚಿಕೊಂಡು ಊಟಕ್ಕೆ ಹೋದರು. ರೆಟ್ಟಾ ಏಳಲಿಲ್ಲ. ನಾಟಕದ ಎರಡನೇ ಅಂಕ ಇರುವುದು ಅವಳಿಗೆ ಗೊತ್ತಿತ್ತು.

ಗಂಡ ನಲ್ಲಿಯಿಂದ ಟ್ರೈಲರಿಗೆ ನೀರಿನ ಪೈಪು ಸಿಕ್ಕಿಸಿ, ಕಾಗದಕ್ಕೆ ಸಹಿ ಹಾಕಲು ಪಾರ್ಕಿನ ಆಫೀಸಿಗೆ ಹೋದ. ಒಳಗೆ ಹೆಂಡತಿ ಅಡುಗೆಮನೆಯ ನಲ್ಲಿ ತಿರುಗಿಸಿದಳು.

"ಆರ್ಲೋ! ರಕ್ತ! ನಲ್ಲೀಲಿ ರಕ್ತ ಬರ್ತಿದೆ!"

"ರಕ್ತ ಅಲ್ಲಮ್ಮ, ಪಿಂಕ್," ಅಂತ ಒಬ್ಬ ಹುಡುಗನ ದನಿ. ಮೈಮೇಲೆ ಚಿಮ್ಮಿದ್ದನ್ನು ಒರೆಸಿಕೊಳ್ಳುತ್ತ ಅವನು ಬಾಗಿಲಿಗೆ ಬಂದ. ರೆಟ್ಟಾಳದೇ ವಯಸ್ಸು. ಕಾಲಲ್ಲಿ ಅಚ್ಚ ಬಿಳಿಯ ಶೂ! ಈ ಕೆಂಪು ಧೂಳಿನಲ್ಲಿ! ರೆಟ್ಟಾ ನಕ್ಕ ನಗುವಿಗೆ ಪಾಪ್‌ಕಾರ್ನ್ ಮೂಗಿಗೆ ಹತ್ತಿತು.

ಬಳಸದೆ ನಿಲ್ಲಿಸಿದ ಟ್ರೈಲರಿನ ಪೈಪುಗಳಿಗೆ ಚಳಿಗಾಲದಲ್ಲಿ ಆ ಪಿಂಕ್ ದ್ರವ ತುಂಬಿಡುತ್ತಾರೆ, ಹಿಮ ಕಟ್ಟಿ ಒಡೆಯದಿರಲಿ ಎಂದು. ಅದಕ್ಕೂ ಮೊದಲು ಗೀಸರ್ ಟ್ಯಾಂಕನ್ನು ಖಾಲಿ ಮಾಡಿ, ಒಳಗೆ ಹನಿಯೂ ಹೋಗದೆ ಎಲ್ಲ ನೇರ ನಲ್ಲಿಗೇ ಹೋಗುವಂತೆ ಒಂದು ವಾಲ್ವನ್ನು ತಿರುಗಿಸಿಡುತ್ತಾರೆ. ನಲ್ಲಿಯಲ್ಲಿ ಪಿಂಕ್ ಬಂತೆಂದರೆ ಗೀಸರ್ ಒಣಗಿ ಕೂತಿದೆ ಎಂದೇ ಅರ್ಥ.

ಇದು ರೆಟ್ಟಾಳಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಅವಳ ಮನೆಯ ಗೀಸರ್ ಅವಳ ಜವಾಬ್ದಾರಿ. ಹೊಸ ಊರಿಗೆ ಹೋದಾಗಲೆಲ್ಲ ಟ್ಯಾಂಕಿನ ತಳದ ಸುಣ್ಣ ತೊಳೆದು, ಟ್ಯಾಂಕನ್ನು ಕಾಯಲೆಂದು ತಾನು ತುಕ್ಕು ತಿಂದ ಒಳಗಿನ ಕಂಬಿ ಬದಲಿಸಿ, ನೀರು ತುಂಬಿಸುವವಳು ಅವಳೇ. "ಮೊದಲು ನೀರು, ಆಮೇಲೆ ಸ್ವಿಚ್," ಎಂದು ಅಪ್ಪ ಹೇಳಿಕೊಟ್ಟಿದ್ದ. ತಿರುಗಾಮುರುಗಾ ಆದರೆ ಕಾಯಿಲ್ ಸುಟ್ಟುಹೋಗುತ್ತದೆ.

ತೆರೆದ ಬಾಗಿಲಿನಿಂದ ಆ ಹೆಂಗಸು ಕಾಣುತ್ತಿದ್ದಳು. ಗೋಡೆಯ ಮೇಲಿನ ಸ್ವಿಚ್ಚುಗಳನ್ನು ಒಂದೊಂದಾಗಿ ಓದುತ್ತಿದ್ದಳು. "ಹಾಂ, ಗೀಸರ್ ಇದೇ," ಎಂದು ಬೆರಳು ಚಾಚಿದಳು.

ನಿಲ್ಲಿಸಿ ಎಂದು ಕೂಗಿದ್ದರೆ ಮುಗಿದಿತ್ತು. ಒಂದೇ ಒಂದು ಮಾತು. ಆದರೆ ರೆಟ್ಟಾಳ ಬಾಯಿ ತುಂಬ ಪಾಪ್‌ಕಾರ್ನ್ ಇತ್ತು. ಅದಕ್ಕಿಂತ ಹೆಚ್ಚಾಗಿ, ಮುಂದೇನಾಗುತ್ತದೆ ನೋಡುವ ಆಸೆ ಇತ್ತು.

ಕೆಂಪು ದೀಪ ಹತ್ತಿತು. ರೆಟ್ಟಾ ಅಗಿದಳು, ನುಂಗಿದಳು. ಒಣ ಟ್ಯಾಂಕಿನಲ್ಲಿ ಕಾಯಿಲ್ ಸುಡಲು ಒಂದು ಮುಷ್ಟಿ ಪಾಪ್‌ಕಾರ್ನ್ ತಿನ್ನುವಷ್ಟು ಹೊತ್ತು ಸಾಕು. ಅವಳು ಬಟ್ಟಲು ಕೊಡವಿ ಎದ್ದುಹೋದಳು.

ಸ್ಕೂಲಿನಲ್ಲಿ ಬ್ರೈಸ್ ಅಂತ ಒಬ್ಬನಿದ್ದ. ತಮ್ಮ ಮನೆಗೆ ಎರಡು ಮಹಡಿ ಇದೆಯೆಂದು ಹೇಳದೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. ಪಾರ್ಕಿನ ಮಕ್ಕಳಿಗೆಲ್ಲ ಅವನಿಟ್ಟ ಹೆಸರು 'ಡಬ್ಬಾ'.

"ಏನೇ ಡಬ್ಬಾ, ನಿಮ್ಮನೆ ಗಾಳೀಲಿ ಹಾರಿ ಹೋಗ್ಲಿಲ್ವಾ?"

"ನಿಮ್ಮನೆಗೆ ಚಕ್ರನೇ ಇಲ್ವಲ್ಲೋ, ಪಾಪ, ನಿಂತಲ್ಲೇ ಕೊಳೀತಿದೆ," ಎನ್ನುತ್ತಿದ್ದಳು ರೆಟ್ಟಾ. ಬಾಯಿಗೇನು ಕಮ್ಮಿಯಿರಲಿಲ್ಲ. ಆದರೂ ಪ್ರತಿ ಸಲ ನಗು ಬೀಳುತ್ತಿದ್ದುದು ಅವಳ ಮೇಲೆಯೇ.

ಅಂಥ ಬ್ರೈಸ್‌ಗೇ ಅವಳು ಪಿಂಕ್ ನೀರಿನ ಕತೆ ಹೇಳಿದಳು. ಎದ್ದು ನಿಂತು, ಆರ್ಲೋನ ಅಮ್ಮನ ಹಾಗೆ "ರಕ್ತ! ರಕ್ತ!" ಎಂದು ಕೂಗಿ ತೋರಿಸಿದಳು. ಕ್ಲಾಸಿಗೆ ಕ್ಲಾಸೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹೊಸದಾಗಿ ಸೇರಿದ್ದ ಆರ್ಲೋ ಕಿವಿ ಕೆಂಪಗೆ ಮಾಡಿಕೊಂಡು ಪುಸ್ತಕ ನೋಡುತ್ತ ಕೂತ. ಮೊದಲ ಸಲ ನಗು ಬೇರೆಯವರ ಮೇಲೆ ಬಿದ್ದಿತ್ತು. ರೆಟ್ಟಾಳಿಗೆ ಅದು ಬಹಳ ರುಚಿಸಿತು.

ಅಷ್ಟರಲ್ಲಿ ಬಡಗಣ ಗಾಳಿ ಶುರುವಾಯಿತು. ಕಿಟಕಿಯ ಸಂದಿಗಳೆಲ್ಲ ಸಿಳ್ಳೆ ಹಾಕುವ ಚಳಿ. ಆರ್ಲೋನ ಬಿಳಿ ಶೂ ಎಲ್ಲರ ಶೂಗಳ ಬಣ್ಣಕ್ಕೇ ಬಂತು. ಕೂದಲು ಸೋಪಿನ ಜಿಡ್ಡಿನಿಂದ ಅಂಟಿಕೊಂಡಿರುತ್ತಿತ್ತು. ಬಸ್ಸಿನಲ್ಲಿ ಅವನು ದಿನವೂ "ಹಾಯ್ ರೆಟ್ಟಾ" ಎನ್ನುತ್ತಿದ್ದ. ಇವಳು ದಿನವೂ ಕಿಟಕಿಯಾಚೆ ನೋಡುತ್ತಿದ್ದಳು, ಆಚೆ ನೋಡಲು ಏನೂ ಇಲ್ಲದಿದ್ದರೂ.

ಒಂದು ದಿನ ಮಧ್ಯಾಹ್ನ ಊಟದ ಸಾಲಿನಲ್ಲಿ ಬ್ರೈಸ್ ಹಲ್ಲು ಕಿರಿಯುತ್ತ ಬಂದ.

"ರೆಟ್ಟಾ, ನೀನು ದಿನಾ ಐಸ್ ನೀರಲ್ಲಿ ಸ್ನಾನ ಮಾಡ್ತೀಯಂತೆ? ನಿಮ್ಮ ಡಬ್ಬಾದಲ್ಲಿ ಬಿಸಿನೀರೇ ಇಲ್ವಂತೆ?"

"ಯಾರೋ ಹೇಳಿದ್ದು?"

"ನಿನ್ನ ಪಕ್ಕದ ಡಬ್ಬಾ. ಆರ್ಲೋ."

ಸಾಲಿನಲ್ಲಿದ್ದವರೆಲ್ಲ ತೋಳು ಕಟ್ಟಿಕೊಂಡು "ಬ್ರ್‌ರ್‌ರ್" ಎಂದು ನಡುಗಿ ತೋರಿಸಿದರು. ನಗು ಮತ್ತೆ ಹಳೆಯ ಜಾಗಕ್ಕೇ ಬಂದು ಕೂತಿತು.

ರೆಟ್ಟಾಳ ಮೈ ಉರಿದುಹೋಯಿತು. ಯಾರ ಮನೆಯಲ್ಲಿ ಬಿಸಿನೀರಿಲ್ಲ? ಅವಳ ಮನೆಯಲ್ಲಾ? ಅವಳು ನೋಡಿಕೊಳ್ಳುವ ಗೀಸರಿನಲ್ಲಾ? ರಿವರ್ಸ್ ಹೊಡೆಯಲು ಬಾರದವರ ಮಗ ಅವಳ ಮಾನ ಕಳೆಯುವುದಾ? ಸಂಜೆ ಬ್ಯಾಗನ್ನು ಮೆಟ್ಟಿಲ ಮೇಲೆ ಎಸೆದು ಸೀದಾ ಪಕ್ಕದ ಟ್ರೈಲರಿಗೆ ಹೋಗಿ ಬಾಗಿಲು ಗುದ್ದಿದಳು.

ಬಾಗಿಲು ತೆರೆದವಳು ಆರ್ಲೋನ ಅಮ್ಮ, ಮಿಸ್ ಕೊರಿನ್. ಮದುವೆಯಾದ ಹೆಂಗಸರನ್ನೂ ಮಕ್ಕಳು 'ಮಿಸ್' ಎಂದೇ ಕರೆಯುವುದು ಆ ಕಡೆಯ ವಾಡಿಕೆ.

"ರೆಟ್ಟಾ ಅಲ್ವಾ? ಬೇಗ ಒಳಗೆ ಬಾಮ್ಮ, ಗಾಳಿ ನುಗ್ಗುತ್ತೆ."

ಒಳಗೆ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯುತ್ತಿತ್ತು. ಟವೆಲ್ ಸುತ್ತಿಕೊಂಡ ಆರ್ಲೋನ ಪುಟ್ಟ ತಂಗಿ ಪೆನ್ನಿ ಸ್ಟೂಲಿನ ಮೇಲೆ ಮುದುರಿ ಕೂತು ಮೂಗು ಸುರಿಸುತ್ತಿದ್ದಳು.

ಬಚ್ಚಲ ಬಾಗಿಲು ಫಟ್ಟನೆ ತೆರೆಯಿತು. ಆರ್ಲೋ ಹೊರಗೆ ಬಂದ. ತುಟಿ ನೀಲಿ, ಹಲ್ಲು ಕಟಕಟ.

"ಏನೋ ಹೇಳಿದೆ ನೀನು ಬ್ರೈಸ್‌ಗೆ? ನಾನು ತಣ್ಣೀರಲ್ಲಿ ಸ್ನಾನ ಮಾಡ್ತೀನಾ?"

"ಮ...ಮತ್ತೆ? ಮಾಡ್ತೀಯಲ್ವಾ?" ಆರ್ಲೋಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಅವನು ನನ್ನ ತಲೆ ವಾಸನೆ ಅಂದ. ತಣ್ಣೀರಲ್ಲಿ ಸೋಪು ಹೋಗಲ್ಲ ಕಣೋ ಅಂದೆ. ಛೀ, ತಣ್ಣೀರಾ ಅಂದ. ನಂಗೆ ಸಿಟ್ಟು ಬಂತು. ರೆಟ್ಟಾ ಹುಟ್ಟಿದಾಗಿಂದ ತಣ್ಣೀರಲ್ಲೇ ಸ್ನಾನ ಮಾಡೋದು, ಒಂದಿನಾನೂ ಗೊಣಗಿಲ್ಲ, ನಿನ್ ಕೈಲಾಗುತ್ತಾ ಅಂದೆ. ಬಾಯಿ ಮುಚ್ಕೊಂಡ."

ಬೈಯಲು ಬಂದಿದ್ದ ರೆಟ್ಟಾ ಬೈಯುವ ಬದಲು ಕೇಳಿದಳು:

"ನಿಂಗೆ ಹಾಗಂತ ಹೇಳಿದ್ದು ಯಾರು?"

"ಯಾರಾದ್ರೂ ಹೇಳ್ಬೇಕಾ? ಟ್ರೈಲರ್ ಅಂದ್ರೆ ಹಾಗೇ ತಾನೇ? ಇಲ್ಲಿ ಎಲ್ರೂ ಹೊಂದ್ಕೊಂಡಿದಾರೆ, ನಾವೂ ಹೊಂದ್ಕೋಬೇಕು ಅಂತ ಅಪ್ಪ ಹೇಳಿದ್ರು." ಅವನು ಸ್ವಲ್ಪ ನಾಚಿಕೊಂಡ. "ನಲ್ಲಿ ತಿರುಗಿಸೋ ಮುಂಚೆ 'ರೆಟ್ಟಾ ಮಾಡ್ತಾಳೆ, ರೆಟ್ಟಾ ಮಾಡ್ತಾಳೆ' ಅಂತ ಹೇಳ್ಕೋತೀನಿ. ಹೇಳ್ಕೊಂಡು ತಿರುಗಿಸಿಬಿಡ್ತೀನಿ."

"ಗೀಸರ್ ಏನೋ ಇದೆ," ಅಂದಳು ಮಿಸ್ ಕೊರಿನ್, ಪಾತ್ರೆಯಲ್ಲಿ ಬೆರಳದ್ದಿ ನೋಡುತ್ತ. "ಸ್ವಿಚ್ ಹಾಕಿದ್ರೆ ದೀಪಾನೂ ಉರಿಯುತ್ತೆ. ನೀರು ಮಾತ್ರ ಬಿಸಿಯಾಗಲ್ಲ."

"ಯಾರನ್ನಾದ್ರೂ ಕೇಳ್ಬಹುದಿತ್ತಲ್ಲ?"

ಮಿಸ್ ಕೊರಿನ್ ಸಣ್ಣಗೆ ನಕ್ಕಳು. "ಕೇಳೋಕೆ ಹೋದ್ರೆ ಮತ್ತೆ ಕುರ್ಚಿ ಹಾಕ್ಕೊಂಡು ಕೂತ್ಕೋತಾರೆ ಕಣಮ್ಮ."

ರೆಟ್ಟಾ ತಲೆ ತಗ್ಗಿಸಿದಳು. ಪೆನ್ನಿಯ ಬರಿಗಾಲಿನ ಮೇಲೆ ರೋಮವೆಲ್ಲ ಎದ್ದು ನಿಂತಿತ್ತು.

"ಆ ಹಾಸಿಗೆ ಎತ್ತಿ," ಅಂದಳು.

ಮಂಚದ ಕೆಳಗಿನ ಹಲಗೆ ತೆಗೆದರೆ ಗೀಸರಿನ ಬೆನ್ನು. ಅಲ್ಲೇ ವಾಲ್ವು, ಚಳಿಗಾಲದ ಕಡೆಗೆ ತಿರುಗಿಕೊಂಡು ಹಾಯಾಗಿ ಕೂತಿತ್ತು. ರೆಟ್ಟಾ ತಿರುಗಿಸಿದಳು. ಖಾಲಿ ಟ್ಯಾಂಕು ಗುಳುಗುಳು ಎಂದು ನೀರು ಕುಡಿಯತೊಡಗಿತು.

"ಹೊಟ್ಟೆ ಹಸ್ದಿದೆ ಅದಕ್ಕೆ!" ಅಂದಳು ಪೆನ್ನಿ.

ರೆಟ್ಟಾ ಬಿಸಿನೀರಿನ ನಲ್ಲಿ ತೆರೆದಿಟ್ಟಳು. ಅದು ಕೆಮ್ಮಿತು, ಉಗುಳಿತು, ಕೊನೆಗೆ ಒಂದೇ ಧಾರೆಯಾಗಿ ಸುರಿಯಿತು. ಟ್ಯಾಂಕು ತುಂಬಿತ್ತು. ಆಮೇಲೆ ಕರೆಂಟಿನ ಸ್ವಿಚ್ ಹಾಕಿದಳು. ಕೆಂಪು ದೀಪ ಹತ್ತಿತು. ಎಲ್ಲರೂ ಕಾದರು. ಎಷ್ಟು ಹೊತ್ತು ಕಾದು ನಲ್ಲಿಗೆ ಕೈ ಹಿಡಿದರೂ ಅದೇ ತಣ್ಣೀರು.

ರೆಟ್ಟಾಳಿಗೆ ಗೊತ್ತಿತ್ತು. ಆದರೂ, ಗೊತ್ತಿಲ್ಲದವಳ ಹಾಗೆ, ಸುಟ್ಟಿರದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಿದ್ದಳು.

"ಮಾರಿದವನು ಮೋಸ ಮಾಡಿದ," ಅಂದಳು ಮಿಸ್ ಕೊರಿನ್. "ಕೆಟ್ಟ ಗೀಸರ್ ನಮ್ಮ ತಲೆಗೆ ಕಟ್ಟಿದ."

ರೆಟ್ಟಾ ಕರೆಂಟಿನ ಸ್ವಿಚ್ ಆರಿಸಿದಳು. ಪಕ್ಕದ ಸ್ವಿಚ್ ಒತ್ತಿದಳು. "ಇದು ಗ್ಯಾಸಿಂದು. ಗ್ಯಾಸಲ್ಲೂ ಕಾಯುತ್ತೆ." ಹೊರಗೆ ಟಿಕ್ ಟಿಕ್ ಟಿಕ್ ಎಂದಿತು. ನಂತರ ಭುಗ್! ಮಿಸ್ ಕೊರಿನ್ ಬೆಚ್ಚಿ ಪೆನ್ನಿಯನ್ನು ಬಾಚಿಕೊಂಡಳು.

"ಹೆದರಬೇಡಿ, ಅದು ಹಾಗೇ ಹತ್ಕೊಳ್ಳೋದು."

ಸ್ವಲ್ಪ ಹೊತ್ತಿಗೆ ನಲ್ಲಿಯ ನೀರು ಬೆಚ್ಚಗಾಯಿತು. ಆಮೇಲೆ ಬಿಸಿಯಾಯಿತು. ಆರ್ಲೋ ಎರಡೂ ಕೈ ನೀರಿನಲ್ಲಿಟ್ಟು ಕಣ್ಣು ಮುಚ್ಚಿಕೊಂಡ.

ಮಾರಿದವನು ಯಾರೋ, ಎಲ್ಲಿಯವನೋ. ತಪ್ಪು ಅವನ ತಲೆಯ ಮೇಲೇ ಉಳಿಯಲು ಬಿಟ್ಟಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ.

"ಅವನು ಮೋಸ ಮಾಡಿಲ್ಲ," ಅಂದಳು ರೆಟ್ಟಾ. "ಟ್ಯಾಂಕಲ್ಲಿ ನೀರಿಲ್ಲದಾಗ ಸ್ವಿಚ್ ಹಾಕಿದ್ರಿ. ಬಂದ ದಿನಾನೇ. ಕಾಯಿಲ್ ಆವಾಗ್ಲೇ ಸುಟ್ಟೋಯ್ತು."

"ಅದು ನಿಂಗೆ ಹೇಗೆ ಗೊತ್ತು?" ಅಂದಳು ಮಿಸ್ ಕೊರಿನ್.

"ನೋಡ್ತಾ ಇದ್ದೆ."

ಒಲೆಯ ಮೇಲಿನ ನೀರು ಕೊತಕೊತ ಎನ್ನುತ್ತಿತ್ತು. ಆರ್ಲೋ ಕಣ್ಣು ತೆರೆದ. ಆದರೆ ಅವಳ ಕಡೆ ನೋಡಲಿಲ್ಲ.

"ಪಾಪ್‌ಕಾರ್ನ್ ತಿಂತಿದ್ದೆ ನೀನು," ಅಂದ.

"ಹೂಂ."

ಮಿಸ್ ಕೊರಿನ್ ಒಲೆ ಆರಿಸಿದಳು. ಬೈದಿದ್ದರೆ ರೆಟ್ಟಾ ತಿರುಗಿ ಏನಾದರೂ ಅನ್ನುತ್ತಿದ್ದಳು. ಮಿಸ್ ಕೊರಿನ್ ಬೈಯಲಿಲ್ಲ. ಪೆನ್ನಿಯನ್ನು ಎತ್ತಿಕೊಂಡು ಬಚ್ಚಲಿಗೆ ಹೋದಳು.

"ನಮ್ಮಪ್ಪನ ಹತ್ರ ಬೇರೆ ಕಾಯಿಲ್ ಇದೆ. ಹಾಕ್ಕೊಡು ಅಂತ ಹೇಳ್ತೀನಿ," ಅಂದಳು ರೆಟ್ಟಾ. ಯಾರಿಗೆ ಹೇಳಿದಳೋ, ಅವಳಿಗೇ ಗೊತ್ತಾಗಲಿಲ್ಲ. ಬಾಗಿಲು ಎಳೆದುಕೊಂಡು ಹೊರಟಳು.

"ಬಿಸಿ! ಬಿಸಿ! ಅಣ್ಣಾ, ಬಿಸಿನೀರು!" ಎಂದು ಪೆನ್ನಿ ಕಿರುಚುವುದು ತಗಡಿನ ಗೋಡೆ ದಾಟಿ ಕೇಳಿಸುತ್ತಿತ್ತು. ಮನೆಯ ಮೆಟ್ಟಿಲವರೆಗೂ ಕೇಳಿಸಿತು.

ರೆಟ್ಟಾ ತನ್ನ ಮನೆಯ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಕೈ ತಾನಾಗಿಯೇ ಬಿಸಿನೀರಿನ ನಲ್ಲಿಗೆ ಹೋಯಿತು. ಅಲ್ಲೇ ನಿಂತಿತು. ಶವರಿನ ಕೆಳಗೆ ನಿಂತ ಅವಳು ಪಕ್ಕದ ತಣ್ಣೀರಿನ ನಲ್ಲಿ ಹಿಡಿದಳು.

"ರೆಟ್ಟಾ ಮಾಡ್ತಾಳೆ," ಎಂದು ಮೆಲ್ಲಗೆ ಹೇಳಿಕೊಂಡಳು. "ರೆಟ್ಟಾ ಮಾಡ್ತಾಳೆ."

ತಿರುಗಿಸಿದಳು.

ಉಸಿರೇ ನಿಂತುಹೋಯಿತು. ಕಿಟಾರನೆ ಕಿರುಚಿ, ಮೊಣಕೈ ಗೋಡೆಗೆ ಬಡಿದುಕೊಂಡು ಶವರಿನ ಧಾರೆಯಿಂದ ಆಚೆ ಹಾರಿದಳು.

"ಏನಾಯ್ತೇ?" ಅಮ್ಮ ಹೊರಗಿನಿಂದ ಬಾಗಿಲು ತಟ್ಟಿದಳು. "ಬಿಸಿನೀರು ಇಲ್ವಾ?"

"ಇದೆ," ಅಂದಳು ರೆಟ್ಟಾ. ಹಲ್ಲು ಕಟಕಟ ಎನ್ನುತ್ತಿತ್ತು.

"ಮತ್ಯಾಕೆ ಹಂಗೆ ಕಿರುಚಿದೆ?"

ರೆಟ್ಟಾ ಟವೆಲ್ ಎಳೆದು ಸುತ್ತಿಕೊಂಡಳು. ತಣ್ಣೀರು ಇನ್ನೂ ಸುರಿಯುತ್ತಿತ್ತು. ಅದರ ಕೆಳಗೆ ಮತ್ತೊಮ್ಮೆ ಹೋಗಿ ನಿಲ್ಲಲು ಅವಳಿಂದ ಆಗಲಿಲ್ಲ.