ಉಳಿಸಿಕೊಂಡವರ ಪಟ್ಟಿ

ಮೂರನೆಯ ಕಾಗದವನ್ನೂ ಓದಿ ಈನಕ್ ಅದನ್ನು ಹೆಂಡತಿಯ ಮುಂದೆ ಇಟ್ಟ. ಇದು ಸ್ಟೋಕ್ ಊರಿನ ಫುಟ್ಬಾಲ್ ಕ್ಲಬ್ಬಿನದು. ಮೊದಲಿನ ಎರಡರಲ್ಲಿದ್ದ ಮಾತೇ ಇದರಲ್ಲೂ ಇತ್ತು: ನಿಮ್ಮ ಆಟ ಮೆಚ್ಚಿದ್ದೇವೆ, ಆದರೆ ಹಳೆಯ ಕ್ಲಬ್ಬು ಬಿಟ್ಟುಕೊಡುವ ತನಕ ಲೀಗಿನಲ್ಲಿ ಯಾರೂ ನಿಮ್ಮನ್ನು ಆಡಿಸುವಂತಿಲ್ಲ.

"ಸಂಬಳ ನಿಲ್ಲಿಸಿದೋರೂ ಅವರೇ, ಬಿಡಲ್ಲ ಅನ್ನೋರೂ ಅವರೇ," ಅಂದ ಈನಕ್. "ಇಪ್ಪತ್ತೇಳು ವರ್ಷಕ್ಕೇ ನನ್ನ ಗೋಡೆಗೆ ನೇತು ಹಾಕ್ಬಿಟ್ರು."

ಒಲೆಯ ಪಕ್ಕ ಆಲೂಗಡ್ಡೆ ಸುಲಿಯುತ್ತಿದ್ದ ತಾಯಿ ಟ್ಯಾಬಿತಾ ತಲೆಯೆತ್ತಲಿಲ್ಲ. ಸೊಸೆ ಸೆಲೀನಾಗೆ ಅದೇ ವಿಚಿತ್ರವೆನಿಸಿತು. ಮಗನನ್ನು ಯಾರಾದರೂ ಒಂದು ಮಾತು ಅಂದರೆ ಇಂಗ್ಲೆಂಡಿನ ಲ್ಯಾಂಕಷೈರಿನ ಆ ಗಿರಣಿಯೂರಿನ ಬೀದಿಗಿಳಿದು ಜಗಳವಾಡುವ ಹೆಂಗಸು ಇವತ್ತೇಕೆ ಸುಮ್ಮನಿದ್ದಾಳೆ? ಬೇಡವಾದ ಆಟಗಾರನನ್ನು ಕ್ಲಬ್ಬು ಹಿಡಿದಿಟ್ಟುಕೊಂಡದ್ದಾದರೂ ಏಕೆ?

ಶನಿವಾರ ಮಧ್ಯಾಹ್ನ ಗಿರಣಿಯಲ್ಲಿ ತನ್ನ ಮಗ್ಗ ನಿಂತ ಕೂಡಲೇ ಸೆಲೀನಾ ಕ್ಲಬ್ಬಿನ ಕಾರ್ಯದರ್ಶಿ ಗ್ರಿಮ್‌ಶಾನ ಬಟ್ಟೆಯಂಗಡಿಗೆ ಹೋದಳು.

"ನನ್ನೇನು ಕೇಳ್ತೀಯಮ್ಮ, ನಿಮ್ಮತ್ತೇನ ಕೇಳು," ಅಂದ ಆತ, ಬಟ್ಟೆ ಅಳೆಯುತ್ತಲೇ. "ಮಂಡಿಗೆ ಪೆಟ್ಟಾಗಿತ್ತಲ್ಲ, ಬಿಟ್ಟೋರ ಪಟ್ಟೀಲಿ ಅವನ ಹೆಸರು ಬರೆದಿದ್ದೆ. ಪ್ರಾರ್ಥನೆ ಮುಗಿಸ್ಕೊಂಡು ಬರ್ತಾ ಆಕೆ ನನ್ನ ಕೈ ಹಿಡ್ಕೊಂಡು, 'ನನ್ನ ಮಗನ್ನ ಉಳಿಸ್ಕೊಳ್ಳಿ' ಅಂದ್ರು. ಪಾಪ ಅಂತ ಉಳಿಸಿಕೊಂಡೋರ ಪಟ್ಟಿಗೆ ಹಾಕಿದೆ. ಆ ಪಟ್ಟೀಲಿದ್ದೋನಿಗೆ ನಾವು ಸಂಬಳ ಕೊಡದಿದ್ರೂ ಬೇರೆಯವರು ಆಡಿಸೋ ಹಾಗಿಲ್ಲ ಅನ್ನೋದು ಈ ವರ್ಷ ಬಂದ ನಿಯಮ, ನನಗೂ ಹೊಸದು. ಈಗ ಬೇರೆಯವರು ಕೇಳ್ತಿದಾರೆ ಅಂತ ಗೊತ್ತಾದ ಮೇಲೆ ಕಮಿಟಿ ಪುಕ್ಕಟೆ ಬಿಡೋಕೆ ಒಪ್ತಿಲ್ಲ."

ಮನೆಯಲ್ಲಿ ಟ್ಯಾಬಿತಾ ಒಬ್ಬಳೇ ಇದ್ದಳು. ಸೊಸೆಯ ಮುಖ ನೋಡಿದೊಡನೆ ಅವಳಿಗೆ ಅರ್ಥವಾಯಿತು.

"ಹೌದು, ನಾನೇ. ಪಟ್ಟೀಲಿ ಹೆಸರಿದ್ರೆ ಸಂಬಳ ಬರುತ್ತೆ, ಊರಲ್ಲೇ ಇರ್ತಾನೆ ಅಂದ್ಕೊಂಡೆ... ಹೆತ್ತ ನಾಲ್ವರಲ್ಲಿ ಉಳಿದೋನು ಇವನೊಬ್ಬ. ಬೇರೆ ಊರಿಗೆ ಹೋಗಿದ್ರೆ ನೀನು ವಾಪಸ್ ಕರ್ಕೊಂಡು ಬರ್ತಿದ್ಯಾ?" ಅವಳ ದನಿ ಇಳಿಯಿತು. "ಅವನಿಗೆ ಹೇಳಬೇಡ ಕಣೇ. ನನ್ನ ಮುಖ ನೋಡಲ್ಲ ಅವನು."

ಮದುವೆಯಾದಾಗಿನಿಂದ ಕೇಳಿದ ಚುಚ್ಚುಮಾತುಗಳೆಲ್ಲ ಸೆಲೀನಾಳ ಬಾಯಿಗೆ ಬಂದವು. ಅವಳು ನುಂಗಿಕೊಂಡಳು. "ನಾನು ಹೇಳಲ್ಲ ಅತ್ತೆ," ಅಂದಳು.

ಆಗಲೇ ಈನಕ್ ಒಳಗೆ ಬಂದ. ಟೋಪಿಯನ್ನೂ ತೆಗೆಯಲಿಲ್ಲ.

"ಅಮೆರಿಕದ ಫಾಲ್ ರಿವರ್ ಊರಿನ ಗಿರಣಿಯವರಿಗೆ ಹೂಂ ಅಂದ್ಬಿಟ್ಟೆ. ಅಲ್ಲಿ ಈ ಪಟ್ಟಿ ನಡೆಯಲ್ಲ. ಅವರ ತಂಡದಲ್ಲಿ ನನಗೆ ಜಾಗ, ಸೆಲೀನಾಗೆ ನಾಲ್ಕು ಮಗ್ಗದ ಕೆಲಸ. ಊರು ಬಿಡಿಸಿದ ಪುಣ್ಯ ಆ ಗ್ರಿಮ್‌ಶಾಗೇ ಬರಲಿ."

ಸೆಲೀನಾ ಮಾತು ಕೊಟ್ಟಂತೆ ಸುಮ್ಮನಿದ್ದಳು. ಟ್ಯಾಬಿತಾ ಅವಳನ್ನು ಒಮ್ಮೆ ನೋಡಿದಳು, ಆಮೇಲೆ ಮಗನನ್ನು.

"ಗ್ರಿಮ್‌ಶಾ ಅಲ್ಲ ಕಣಪ್ಪ. ನಾನು," ಅಂದಳು. ನಡೆದದ್ದನ್ನೆಲ್ಲ ಹೇಳಿದಳು. "ರೈಲಲ್ಲಿ ಎರಡು ಗಂಟೆ ದಾರಿಗೆ ಹೆದರಿ ಹೀಗ್ಮಾಡಿದೆ. ಈಗ ಸಮುದ್ರಾನೇ..."

ಈನಕ್ ಕುರ್ಚಿಯ ಬೆನ್ನು ಹಿಡಿದುಕೊಂಡ. ಅವನ ಬೆರಳುಗಳು ಬಿಳಿಚಿಕೊಂಡದ್ದನ್ನು ಸೆಲೀನಾ ನೋಡಿದಳು. ಕೊನೆಗೆ ಅವನು ಟೋಪಿ ತೆಗೆದು ಕುಳಿತ.

"ಹಡಗು ಹೊರಡೋದು ಹದಿನೇಳಕ್ಕೆ. ಅಲ್ಲೀವರೆಗೆ ನಿನ್ನ ಕೈಯಡುಗೇನೇ ತಿಂತೀನಮ್ಮ. ಬಡಿಸು."

ಟ್ಯಾಬಿತಾ ಮಾಂಸದ ಪಾತ್ರೆಯನ್ನು ಒಲೆಯಿಂದ ಎತ್ತಲು ಹೋದಳು. ಸೆಲೀನಾ ಇನ್ನೊಂದು ಕಡೆ ಹಿಡಿದಳು. ಹೋಗುವುದಿಲ್ಲವೆಂದು ಈನಕ್ ಹೇಳಲಿಲ್ಲ. ಹೋಗಬೇಡವೆಂದು ತಾಯಿಯೂ ಕೇಳಲಿಲ್ಲ.