ಒಂದು ಬಾಯಿ ನೀರು

ಬಹಳ ಹಿಂದೆ, ಆನೆಗಳಿಗೆ ಇನ್ನೂ ರೆಕ್ಕೆ ಇದ್ದ ಕಾಲದಲ್ಲಿ (ಇರಲಿಲ್ಲ ಅನ್ನುವವರು ಆಗ ಎಲ್ಲಿದ್ದರಂತೆ?) ಕೀರ್ತಿಪುರವೆಂಬ ರಾಜ್ಯವಿತ್ತು. ಅಲ್ಲಿ ಯಾರು ಒಳ್ಳೆಯ ಕೆಲಸ ಮಾಡಿದರೂ ಊರಬಾಗಿಲಲ್ಲಿ ಅವರ ಹೆಸರು ಹಿಡಿದು ಡಂಗುರ ಹೊಡೆಸುವ ಪದ್ಧತಿ. ಕುರುಡನಿಗೆ ದಾರಿ ತೋರಿದವನು ಕೂಡ ಡಂಗುರ ಕೇಳುವ ತನಕ ಜಾಗ ಬಿಟ್ಟು ಕದಲುತ್ತಿರಲಿಲ್ಲ.

ಆ ಊರಿನಲ್ಲಿ ಬುಟ್ಟಿ ಹೆಣೆಯುವ ನಿಂಗರಾಯನಿದ್ದ. ಅವನನ್ನು ಸಾಕಿದವಳು ಅಕ್ಕ ಸಿರಿಯವ್ವ. ಧೂಮಕೇಶನೆಂಬ ಮಾಂತ್ರಿಕ ಮೊದಲು ಅವಳನ್ನು ಕಲ್ಲು ಮಾಡಿದ. ಆಮೇಲೆ ರಾಜನನ್ನು, ಆಮೇಲೆ ಅರ್ಧ ಊರನ್ನು.

ಅಕ್ಕನನ್ನು ಬದುಕಿಸಲು ನಿಂಗರಾಯ ಏಳು ಬೆಟ್ಟ ದಾಟಿದ. ಒಂಬತ್ತೆಂದರೆ ಕೇಳುವವರ ಕಾಲು ನೋಯುತ್ತದೆ, ಏಳೇ ಇರಲಿ. ಅಲ್ಲಿ ಜೀವದ ನೀರುಕ್ಕುವ ಊಟೆಯನ್ನು ಒಂದು ಮುದಿ ಆಮೆ ಕಾಯುತ್ತಿತ್ತು.

“ಈ ನೀರು ಬಿಂದಿಗೆಯಲ್ಲಿ ನಿಲ್ಲುವುದಿಲ್ಲ ಮಗಾ, ಬಾಯಲ್ಲೇ ಒಯ್ಯಬೇಕು,” ಎಂದಿತು ಆಮೆ. “ಮೈಮೇಲೆ ಒಂದು ಹನಿ ಬಿದ್ದರೆ ಮಾಂತ್ರಿಕ ಬೂದಿಯಾಗುತ್ತಾನೆ. ಕಲ್ಲಾದವರೆಲ್ಲ ತಾವೇ ಏಳುತ್ತಾರೆ. ಆದರೆ ನಿಮ್ಮಕ್ಕ ಮೊದಲ ಕಲ್ಲು, ಎದೆಯೊಳಗೂ ಕಲ್ಲಾಗಿದ್ದಾಳೆ. ಉಳಿದ ನೀರಷ್ಟೂ ಅವಳ ನೆತ್ತಿಗೆ ಬೇಕು. ಒಬ್ಬರಿಗೆ ಈ ನೀರು ಒಂದೇ ಸಲ, ನೆನಪಿರಲಿ.”

ನಿಂಗರಾಯ ಬಾಯಿ ತುಂಬಿಕೊಂಡು ಹೊರಟ.

ದಾರಿಗಡ್ಡ ಚಿನ್ನದ ಹಾವೊಂದು ಹೆಡೆಯೆತ್ತಿತು. “ಬಾಯಿ ತೆರೆದು ‘ಬೇಕು’ ಅನ್ನು. ಈ ಬೆಟ್ಟವೆಲ್ಲ ಹೊನ್ನು, ನಿನ್ನದೇ.” ನಿಂಗರಾಯ ತುಟಿ ಬಿಗಿದ, ಮುಂದೆ ನಡೆದ.

ಒಬ್ಬ ರಕ್ಕಸಿ ಬಿಸಿ ಹೋಳಿಗೆ ಹಿಡಿದು ನಿಂತಿದ್ದಳು. “ಮೂರು ದಿನದ ಉಪವಾಸ ಅಲ್ಲವೇನೋ ನನ್ನಪ್ಪಾ? ಬಾಯಿ ತೆರೆ, ಒಂದೇ ತುತ್ತು.” ಹೋಳಿಗೆಯಿಂದ ತುಪ್ಪ ಸೋರುತ್ತಿತ್ತು. ನಿಂಗರಾಯನಿಗೆ ಅಳುವೇ ಬಂತು. ಆದರೂ ತುಟಿ ಬಿಗಿದ, ಮುಂದೆ ನಡೆದ.

ಊರಬಾಗಿಲು ಬಂತು. ಹತ್ತು ಹೆಜ್ಜೆ ಆಚೆ ಅಕ್ಕ ಕಲ್ಲಾಗಿ ನಿಂತಿದ್ದಳು. ಬಾಗಿಲಲ್ಲಿ ಡಂಗುರದವನು ಬಡಿಯುತ್ತಿದ್ದ:

“ಕೇಳಿರಪ್ಪೋ ಕೇಳಿ! ಹೊನ್ನಿನ ಬೆಟ್ಟ ಬೇಡವೆಂದವನು, ಹೋಳಿಗೆ ಮೂಸಿಯೂ ನೋಡದವನು, ನಮ್ಮ ಲಿಂಬಣ್ಣ!”

ಲಿಂಬಣ್ಣ! ಪಕ್ಕದ ಮನೆಯ ಮಜ್ಜಿಗೆ ಕದ್ದು ಕುಡಿದು, ಮೀಸೆ ಒರೆಸಿಕೊಳ್ಳುವುದನ್ನೂ ಮರೆಯುವ ಲಿಂಬಣ್ಣ! ನಿಂಗರಾಯ ತುಟಿ ಬಿಗಿದ. ಒಂದು ಹೆಜ್ಜೆ ಇಟ್ಟ. ಎರಡು.

“ಮತ್ತೆ ಆ ನಿಂಗರಾಯ ಎಲ್ಲಪ್ಪಾ?” ಎಂದಳೊಬ್ಬ ಮುದುಕಿ.

“ಅವನಾ? ಅಕ್ಕನನ್ನು ಬಿಟ್ಟು ಓಡಿಹೋದ ಹೇಡಿ,” ಎಂದ ಡಂಗುರದವನು.

“ನಾನು ಕಣಯ್ಯಾ! ಎಲ್ಲ ನಾನೇ ಮಾಡಿದ್ದು!”

ನೀರಷ್ಟೂ ಡಂಗುರದವನ ಮುಖಕ್ಕೆ ರಾಚಿತು. ಅವನೇ ಧೂಮಕೇಶ. ಉಸ್ಸೆಂದು ಬೂದಿಯಾದ. ರಾಜ ಆಕಳಿಸುತ್ತ ಎದ್ದ. ಅರ್ಧ ಊರು ಮೈಮುರಿಯಿತು.

ನಿಂಗರಾಯ ಅಕ್ಕನ ಬಳಿಗೆ ಓಡಿದ. ನಾಲಿಗೆಯ ಮೇಲಿನ ತೇವವನ್ನು ಬೆರಳಲ್ಲಿ ಒರೆಸಿ ಅವಳ ನೆತ್ತಿಗೆ ಹಚ್ಚಿದ. ಒಂದೇ ಒಂದು ಕೂದಲೆಳೆ ಕಪ್ಪಾಯಿತು, ಗಾಳಿಗೆ ಅಲುಗಿತು. ಅಷ್ಟೇ.

ರಾಜನೇ ಡಂಗುರ ಹೊಡೆಸಿದ: “ಮೂರು ಆಸೆ ಗೆದ್ದ ನಿಂಗರಾಯ!”

“ಎರಡು, ಸ್ವಾಮಿ,” ಎಂದ ನಿಂಗರಾಯ. ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಊರೆಲ್ಲ ಉಂಡು ತೇಗಿ ನೂರು ವರ್ಷ ಸುಖವಾಗಿ ಬಾಳಿತು. ನಿಂಗರಾಯನೂ ಬಾಳಿದ ಎಂದೇ ಹೇಳಿಬಿಡೋಣ. ದಿನಾ ಬೆಳಿಗ್ಗೆ ಅಕ್ಕನ ಆ ಒಂದೆಳೆ ಕೂದಲಿಗೆ ಎಣ್ಣೆ ಹಚ್ಚಿ ಬರುತ್ತಿದ್ದ. ಹಾಗೆ ಹಚ್ಚುತ್ತೇನೆಂದು ಯಾರಿಗೂ ಹೇಳಲಿಲ್ಲ.